ಒದ್ದೆಬಟ್ಟೆ ಹೊದಿಸುವ ಕೆಲಸ

ಬೇಕರಿಗೆ ನೂರು ವರ್ಷ ತುಂಬುತ್ತದೆ ಎಂದು ಮೊದಲು ಕಂಡುಹಿಡಿದವನು ಯಜಮಾನರ ತಮ್ಮ, ಅತ್ತಿಗೆಯ ಮೈದುನ. ಅಂಗಡಿಯಲ್ಲಿ ಅವನಿಗೆ ಬೇರೆ ಕೆಲಸವಿಲ್ಲದ್ದರಿಂದ ಇಂಥವನ್ನೆಲ್ಲ ಕಂಡುಹಿಡಿಯಲು ಪುರುಸೊತ್ತಿತ್ತು. ಕೂಡಲೇ ಮನೆತನದ ಚರಿತ್ರೆ ಬರೆಯಲು ಕೂತ. ಮುತ್ತಜ್ಜ ಒಲೆ ಕಟ್ಟಿದರು, ಅಜ್ಜ ಅಂಗಡಿ ಬೆಳೆಸಿದರು, ಅಪ್ಪ ಬನ್ನು ಶುರುಮಾಡಿದರು, ಅಣ್ಣ ಗಾಜಿನ ಬಾಗಿಲು ಹಾಕಿಸಿದ. ಓದಿದವರಿಗೆ, ಆ ಮನೆಯಲ್ಲಿ ಗಂಡಸರನ್ನು ಗಂಡಸರೇ ಹೆತ್ತಿದ್ದಾರೇನೋ ಅನ್ನಿಸಬೇಕು.

ಚರಿತ್ರೆಯ ಮೊದಲ ಪುಟದಲ್ಲೇ ಮುತ್ತಜ್ಜನ ಚೀಟಿಯ ಹೊಗಳಿಕೆ ಬಂತು. ಮೈದಾ ಇಷ್ಟು, ನೀರು ಇಷ್ಟು, ಈಸ್ಟ್ ಇಷ್ಟು, ಸಕ್ಕರೆ ಇಷ್ಟು. ಅಪ್ಪನಿಂದ ಮಗನಿಗೆ ಬಂದ ಗುಟ್ಟು ಅದು. ಅದರಲ್ಲಿ ಉಪ್ಪು ಇರಲಿಲ್ಲ.

ಇದು ಗೊತ್ತಿದ್ದವಳು ತಾನೊಬ್ಬಳೇ ಎಂದು ಅತ್ತಿಗೆ, ಅಂದರೆ ಯಜಮಾನರ ಹೆಂಡತಿ, ತಿಳಿದಿದ್ದಳು. ಮುತ್ತಜ್ಜ ಮಹಾ ಮರೆಗುಳಿ, ಮೇಲೆ ಮಹಾ ಮುಂಗೋಪಿ. ಒಮ್ಮೆ ಅವರ ಹೆಂಡತಿ, "ಉಪ್ಪು ಮರೆತ್ರಿ" ಎಂದದ್ದಕ್ಕೆ ಮೂರು ದಿನ ಮಾತು ಬಿಟ್ಟರಂತೆ. ನಾಲ್ಕನೇ ದಿನದಿಂದ ಆಕೆ ಬಾಯಿ ಮುಚ್ಚಿಕೊಂಡಳು. ನಾದಿದ ಹಿಟ್ಟಿಗೆ ಒದ್ದೆಬಟ್ಟೆ ಹೊದಿಸುವುದು ಹೆಂಗಸರ ಕೆಲಸವಾಗಿತ್ತು. ಗಂಡಸರು ಕೈ ತೊಳೆದು ಚಹಾಕ್ಕೆ ಹೋದಾಗ ಉಪ್ಪುನೀರು ಸುರಿದು, ಇನ್ನೊಂದಿಷ್ಟು ನಾದಿ, ಮೇಲೆ ಬಟ್ಟೆ ಹೊದಿಸಿ ಏನೂ ಅರಿಯದವಳಂತೆ ಹೊರಗೆ ಬರುತ್ತಿದ್ದಳು. ಅಲ್ಲಿಂದ ಅತ್ತೆಯಿಂದ ಸೊಸೆಗೆ ಇದೊಂದೇ ಉಪದೇಶ: "ಹೇಳ್ಬೇಡ, ಹಾಕು." ತಾಳಿದವನು ಬಾಳಿಯಾನು ಎನ್ನುತ್ತಾರಲ್ಲ, ಆ ಮನೆಯಲ್ಲಿ ತಾಳಿದವರು ಹೆಂಗಸರು, ಬಾಳಿದವರು ಗಂಡಸರು.

ಅತ್ತಿಗೆಯೂ ಮೂವತ್ತೆರಡು ವರ್ಷ ಹಾಗೇ ಹಾಕಿಕೊಂಡು ಬಂದಳು. ಶತಮಾನೋತ್ಸವದ ಹಿಂದಿನ ವಾರ ಮಗಳು ಬಂದು, "ಅಪ್ಪ, ಇನ್ಮೇಲೆ ಹಿಟ್ಟು ನಾನು ನಾದ್ತೀನಿ" ಎಂದು ಕೇಳದಿದ್ದರೆ ಸಾಯುವ ತನಕ ಹಾಕುತ್ತಿದ್ದಳೋ ಏನೋ. ಒಲೆಯ ಬಾಗಿಲು ತೆಗೆಯದೆ, ಬರೀ ವಾಸನೆಯಲ್ಲೇ ಬ್ರೆಡ್ಡು ಬೆಂದದ್ದು ಹೇಳುವ ಹುಡುಗಿ ಅವಳು.

ಯಜಮಾನರು ನಕ್ಕರು. "ಹೆಣ್ಣುಮಕ್ಕಳ ಕೈಗೆ ಚೀಟಿ ಕೊಡೋ ವಾಡಿಕೆ ನಮ್ಮಲ್ಲಿಲ್ಲಮ್ಮ. ಅದು ನಿನ್ನ ಚಿಕ್ಕಪ್ಪನ ಮಗನಿಗೆ."

ಚಿಕ್ಕಪ್ಪನ ಮಗನಿಗೆ ಈಸ್ಟ್ ಯಾವುದು, ಸುಣ್ಣದ ಪುಡಿ ಯಾವುದು ತಿಳಿಯದು. ಆದರೆ ಮೀಸೆಯಿತ್ತು. ಮಗಳು ಕಣ್ಣೊರೆಸಿಕೊಂಡು ಟ್ರೇ ತೊಳೆಯಲು ಹೋದಳು. ಅತ್ತಿಗೆ ಅವಳ ಬೆನ್ನನ್ನೇ ನೋಡಿದಳು. ತನ್ನ ಪಾಡು ಹೇಗೋ ಆಯಿತು, ಇವಳದೂ ಹೀಗೇ ಆಗಬೇಕೇ? ಉತ್ಸವದ ಬೆಳಿಗ್ಗೆ ಅವಳು ಒದ್ದೆಬಟ್ಟೆ ಹೊದಿಸಿದಳು. ಬಟ್ಟೆ ಮಾತ್ರ ಹೊದಿಸಿದಳು.

ಉಪ್ಪಿಲ್ಲದ ಹಿಟ್ಟು ಭಾಷಣಕ್ಕೆ ನಿಂತ ಮೈದುನನ ಹಾಗೆ ಲಂಗುಲಗಾಮಿಲ್ಲದೆ ಉಬ್ಬಿತು. ಬೆಂದು ಬಂದ ಬ್ರೆಡ್ಡು ಕಾಯಿಲೆಯವರ ಹಾಗೆ ಬಿಳಿಚಿಕೊಂಡಿತ್ತು. ಅತಿಥಿಗಳಿಗೆ ಉಗುಳುವಂತಿಲ್ಲ, ನುಂಗುವಂತಿಲ್ಲ. ಹೆಡ್‌ಮಾಸ್ತರರು ತುಂಬ ಹೊತ್ತು ಅಗಿದು, "ಮೆತ್ತಗಿದೆ" ಎಂದರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಂಡಸರು ಮೈದಾ ಸರಿಯಿಲ್ಲ ಎಂದು ವ್ಯಾಪಾರಿಯ ಮೇಲೆ ಕೂಗಾಡಿದರು, ನೀರಿನ ಟ್ಯಾಂಕು ತೊಳೆಸಿದರು, ಒಲೆಯ ಇಟ್ಟಿಗೆ ಬದಲಿಸಿದರು. ಎರಡು ದಿನ ಚೀಟಿಯನ್ನು ಅಕ್ಷರ ಬಿಡದೆ ಪಾಲಿಸಿದರು. ಚೀಟಿಯೂ ನಿಷ್ಠೆಯಿಂದ ಎರಡು ದಿನ ಸಪ್ಪೆ ಬ್ರೆಡ್ಡು ಕೊಟ್ಟಿತು. ಮೂರನೆಯ ದಿನ ಗಿರಾಕಿಗಳು ಗಾಜಿನ ಬಾಗಿಲವರೆಗೆ ಬಂದು, ಒಳಗೆ ಇಣುಕಿ ವಾಪಸಾದರು.

ಯಜಮಾನರು ತಲೆ ಮೇಲೆ ಕೈಹೊತ್ತು ಕೂತರು. ಅತ್ತಿಗೆಗೆ ಪಾಪ ಅನ್ನಿಸಿತು. ಎಷ್ಟಾದರೂ ಗಂಡ. ಆದರೂ ಗಟ್ಟಿಮನಸ್ಸು ಮಾಡಿ, "ರೀ, ನಾಳೆ ಒಂದಿನ ಮಗಳು ನಾದ್ಲಿ" ಎಂದಳು.

"ಚೀಟಿ ಪ್ರಕಾರ ಮಾಡಿದ್ರೇ ಹೀಗಾಯ್ತು. ಅವಳೇನು ಕಿಸಿತಾಳೆ?"

"ಹೇಗೂ ಕೆಟ್ಟಿದೆ. ಇನ್ನೇನು ಕೆಡುತ್ತೆ?"

ಈ ತರ್ಕ ಎಲ್ಲರಿಗೂ ಒಪ್ಪಿಗೆಯಾಯಿತು. ಹಾಳುಬಿದ್ದದ್ದನ್ನು ಹೆಂಗಸರಿಗೆ ವಹಿಸಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಮರುದಿನ ಮಗಳು ನಾದಿ ಮುಗಿಸುತ್ತಿದ್ದಾಗ ಅತ್ತಿಗೆ ಎಂದಿನಂತೆ ಒದ್ದೆಬಟ್ಟೆ ಹಿಡಿದು, ಸೆರಗಿನ ಮರೆಯಲ್ಲಿ ಉಪ್ಪುನೀರಿನ ಲೋಟ ಇಟ್ಟುಕೊಂಡು ಬಂದಳು.

"ಉಪ್ಪು ಆಗ್ಲೇ ಹಾಕಿದೀನಮ್ಮ," ಎಂದಳು ಮಗಳು, ತಲೆಯೆತ್ತದೆ. "ಹತ್ತು ವರ್ಷದವಳಿದ್ದಾಗಿಂದ ನಿನ್ನ ನೋಡ್ತಿದೀನಿ. ಮೊನ್ನೆ ಯಾಕೆ ಹಾಕ್ಲಿಲ್ಲ ಅಂತಾನೂ ಗೊತ್ತು."

ಅತ್ತಿಗೆ ಲೋಟ ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದಳು.

ಬ್ರೆಡ್ಡು ಕೆಂಪಗೆ ಬೆಂದು ಬಂತು. ಯಜಮಾನರು ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇದೇ! ನಮ್ಮಪ್ಪನ ಕೈರುಚಿ!"

"ಅಜ್ಜಂದಲ್ಲಪ್ಪ, ಅಜ್ಜೀದು," ಎಂದಳು ಮಗಳು. "ಆಮೇಲೆ ಅಮ್ಮಂದು." ಅಜ್ಜಿಯ ಬಾಯಿಂದ ಕೇಳಿದ್ದನ್ನೆಲ್ಲ, ಮುತ್ತಜ್ಜಿಯಿಂದ ಹಿಡಿದು, ಹೇಳಿದಳು. ಮೈದುನ ಅದನ್ನು ಬರೆದುಕೊಳ್ಳಲಿಲ್ಲ.

ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಇಷ್ಟು ವರ್ಷ! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ?"

ಅವರು ಕೈಯಲ್ಲಿದ್ದ ಚೂರನ್ನು ನಿಧಾನವಾಗಿ ತಿಂದು ಮುಗಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಮಗಳನ್ನು ಕೇಳಿದರು: "ನಾಳೆ ಒದ್ದೆಬಟ್ಟೆ ಹೊದಿಸೋಕೆ ನಾನು ಎಷ್ಟೊತ್ತಿಗೆ ಬರ್ಲಿ?"

"ಐದಕ್ಕೆ," ಎಂದಳು ಮಗಳು. "ತಡ ಮಾಡ್ಬೇಡಪ್ಪ."