ಗಳದ ಕೆಳಗೆ ತಿರುಗುವ ಕೋಣೆ

ನಮ್ಮ ದೊಡ್ಡಮ್ಮ ಸುಂದರಮ್ಮನವರಿಗೆ ತಲೆ ಕೆಟ್ಟಿದೆ ಅಂತ ಎನ್.ಆರ್. ಕಾಲೋನಿಗೆಲ್ಲ ಸಾರಿದ್ದು ಯಾವ ಶತ್ರುವೂ ಅಲ್ಲ, ಒಡಹುಟ್ಟಿದ ತಮ್ಮ, ನಮ್ಮ ರಾಮಾನುಜ ಮಾಮ. ಅದೂ ಪ್ರೀತಿಯಿಂದ. ಗೇಟಿನ ಹತ್ತಿರ ನಿಂತು, "ಅಕ್ಕಂಗೆ ಸ್ವಲ್ಪ ಮನಸ್ಸಿಂದು, ಟ್ರೀಟ್‌ಮೆಂಟ್ ನಡೀತಿದೆ" ಅಂತ ದನಿ ತಗ್ಗಿಸಿ ಹೇಳುವುದು. ತಗ್ಗಿಸುವುದೂ ಎದುರುಮನೆಗೆ ಕೇಳುವಷ್ಟೇ.

ದೊಡ್ಡಮ್ಮ ರಿಟೈರಾದ ಗಣಿತದ ಟೀಚರು. ನಡುಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುವುದೇ ಅವರ ಉಸಿರು. ಹಬ್ಬದ ಹೊತ್ತಿಗೆ ತಲೆ ಸುತ್ತತೊಡಗಿತು. ಅವರಿಗೆ ತಲೆಸುತ್ತು, ಉಳಿದವರದ್ದು ಬರೀ ಸುತ್ತುಮಾತು. ಪಿತ್ತ ಅಂದರು, ಗ್ಯಾಸ್ ಅಂದರು, ಪಕ್ಕದ ಮನೆ ಗಂಗರತ್ನಮ್ಮ ದೃಷ್ಟಿ ಅಂದರು. ಕೊನೆಗೆ ಮಾಮ ಅವರನ್ನು ಡಾಕ್ಟರ್ ಆತ್ರೇಯ ಅವರ ಹತ್ತಿರ ಕರೆದುಕೊಂಡು ಹೋದರು. ತಲೆಸುತ್ತಿನ ಮೇಲೇ ಸಂಶೋಧನೆ ನಡೆಸುತ್ತಿರುವವರು.

ಯಾವಾಗ ಬರುತ್ತೆ ಅಂತ ಡಾಕ್ಟರು ಕೇಳಿದರಂತೆ. ಬೆಳಿಗ್ಗೆ ಮಡಿ ಸೀರೆ ತೆಗೆಯುವಾಗ, ಅಂದರಂತೆ ದೊಡ್ಡಮ್ಮ. ಅಷ್ಟೇ ಸಾಕಾಯಿತು. ಡಾಕ್ಟರ ಪಾಲಿಗೆ ಮಡಿ ಅಂದರೆ ಮೈಲಿಗೆಯ ಭಯ, ಭಯ ಅಂದರೆ ಮನೋರೋಗ, ಮನೋರೋಗ ಅಂದರೆ ಮಾತ್ರೆ. ಒಮ್ಮೆ ಮಲಗಿಸಿ ನೋಡಲೂ ಇಲ್ಲ.

ಮಾತ್ರೆ ನುಂಗಿದ ದೊಡ್ಡಮ್ಮ ಪ್ರಮೇಯದ ನಡುವೆಯೇ ತೂಕಡಿಸತೊಡಗಿದರು. ತಲೆಸುತ್ತು ಹೋಗಲಿಲ್ಲ, ಮಕ್ಕಳು ಹೋದರು. ಉಳಿದವಳು ಹನುಮಂತನಗರದ ತೇಜಶ್ರೀ ಒಬ್ಬಳೇ. ಮುಂದಿನ ವಾರದಿಂದ ಬರಲ್ಲ ಅಂತ ಅವಳ ಅಮ್ಮನೂ ಹೇಳಿ ಕಳಿಸಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮನನ್ನು ಮತ್ತೆ ಅದೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಾನು ಜಗಳ ತೆಗೀತೀನಿ ಅನ್ನುವ ಹೆದರಿಕೆಗೆ ಮಾಮನೂ ಹಿಂದೆ ಬಂದರು.

ಡಾಕ್ಟರು ಮಾಮನ ಮುಖ ನೋಡಿ, ಅಜ್ಜಿ ಮಡಿ ಸ್ವಲ್ಪ ಕಮ್ಮಿ ಮಾಡಿದಾರಾ ಅಂತ ವಿಚಾರಿಸಿದರು. ಅಜ್ಜಿ ನಿಮ್ಮೆದುರಿಗೇ ಕೂತಿದ್ದಾರೆ ಅಂದೆ.

"ಮಡಿ ಸೀರೆ ಎಲ್ಲಿರುತ್ತೆ ಗೊತ್ತಾ, ಡಾಕ್ಟ್ರೇ?" ಅಂತ ನಾನೇ ಕೇಳಿದೆ.

"ಬೀರುನಲ್ಲಿ?"

ಹೆಸರಲ್ಲೇ ಗೋತ್ರ ಹೊತ್ತವರು. ಬೆಳೆದದ್ದು ಕುಮಾರ ಪಾರ್ಕಿನ ಫ್ಲ್ಯಾಟಿನಲ್ಲಿ, ಮಡಿ ಸೀರೆ ಒಣಹಾಕಿ ಕೋಲಿನಿಂದ ತೆಗೆಯುವ ಗಳ ಕಂಡವರಲ್ಲ.

ಮನೆಯವರನ್ನೆಲ್ಲ ಅಣಕಿಸಿ ಬೈಸಿಕೊಂಡು ಬೆಳೆದವಳು ನಾನು. ಅಲ್ಲೇ ಎದ್ದು ನಿಂತು ದೊಡ್ಡಮ್ಮ ಆದೆ. ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಮಾಮನ ಕೊಡೆ ಕಸಿದುಕೊಂಡೆ. ಸೂರಿನ ಕೆಳಗೆ ಅಡ್ಡಲಾಗಿ ಬಿದಿರ ಗಳ, ಯಾರೂ ಮುಟ್ಟಬಾರದು ಅಂತ ಅಷ್ಟು ಎತ್ತರ, ಅನ್ನುತ್ತಾ ಕುತ್ತಿಗೆ ಪೂರಾ ಹಿಂದಕ್ಕೆ ಬಾಗಿಸಿ, ಬಾಯಿ ಅರೆ ತೆರೆದು, ಕೊಡೆಯ ತುದಿಯಿಂದ ಇಲ್ಲದ ಸೀರೆ ಎಳೆದೆ. ಅವರದೇ ದನಿಯಲ್ಲಿ "ಶ್ರೀಹರೀ" ಅಂದು ಓಲಾಡಿ ಮೇಜು ಹಿಡಿದುಕೊಂಡೆ.

"ಕತ್ತೆ, ನಾನು ಅಷ್ಟು ಬಾಯಿ ಬಿಡಲ್ಲ" ಅಂದರು ದೊಡ್ಡಮ್ಮ.

ಡಾಕ್ಟರು ನಗಲಿಲ್ಲ. ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು. ದೊಡ್ಡಮ್ಮನಿಗೆ ಕ್ಯಾಮೆರಾ ಇರುವ ಕನ್ನಡಕ ಹಾಕಿಸಿ, ತಲೆ ಪಕ್ಕಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಪರದೆಯ ಮೇಲೆ ಅವರ ಕಣ್ಣುಗುಡ್ಡೆ ತಾನಾಗಿಯೇ ಗಿರಕಿ ಹೊಡೆಯುವಂತೆ ಅದುರಿತು. ಮಾಮನೂ ನೋಡಿದರು. ದೊಡ್ಡಮ್ಮ ನನ್ನ ಕೈ ಹಿಂಡಿದರು. ಅದುರುವುದು ನಿಂತ ಮೇಲೆ ಡಾಕ್ಟರು ತಲೆಯನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸಿ, ಮೈಯನ್ನೂ ಹೊರಳಿಸಿ, ಎಬ್ಬಿಸಿ ಕೂರಿಸಿದರು.

ಒಳಕಿವಿಯ ಪುಟ್ಟ ಹರಳುಗಳು ಜಾಗ ತಪ್ಪಿದ್ದವಂತೆ. ತಲೆ ಹಿಂದಕ್ಕೆ ವಾಲಿದಾಗಲೆಲ್ಲ ಅವು ಉರುಳಿ ಕೋಣೆಯನ್ನೇ ತಿರುಗಿಸುತ್ತಿದ್ದವಂತೆ. ಮನಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಮಾತ್ರೆ ಬೇಕೇ ಇರಲಿಲ್ಲವಂತೆ. ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ತಿಂಗಳುಗಟ್ಟಲೆ ಹುಚ್ಚಿಯ ಪಟ್ಟ.

ಡಾಕ್ಟರಿಗೆ ಮಾತ್ರ ಹುರುಪು. ಬಹಳ ಒಳ್ಳೆ ಕೇಸು, ಈ ವಿಡಿಯೋ ಸಂಶೋಧನೆಗೆ ಸೇರಿಸ್ಕೊಳ್ತೀವಿ, ಒಂದು ಸಹಿ ಹಾಕಿ ಅಂತ ಪೆನ್ನು ಕೊಟ್ಟರು.

"ನಿಮ್ಮ ಮಾತ್ರೆಯಿಂದ ಇದೇ ಕಣ್ಣು ಮಕ್ಕಳ ಮುಂದೆ ಮುಚ್ಚಿಕೊಂಡು ಹೋಗ್ತಿತ್ತು. ಅದನ್ನೂ ಬರೀತೀರಾ?" ಅಂತ ಕೇಳಿದರು ದೊಡ್ಡಮ್ಮ.

ಅದು ಸಂಶೋಧನೆಯ ವಿಷಯ ಅಲ್ಲವಲ್ಲಮ್ಮ, ಅಂದರು ಡಾಕ್ಟರು.

"ತಪ್ಪಿದ ಹೆಜ್ಜೆ ಬಿಟ್ಟು ಉತ್ತರ ಮಾತ್ರ ಬರೆದ್ರೆ ನಾನು ಮಾರ್ಕ್ಸ್ ಕೊಡಲ್ಲ." ದೊಡ್ಡಮ್ಮ ಪೆನ್ನು ಮೇಜಿನ ಮೇಲಿಟ್ಟು ಎದ್ದರು.

ಆಟೋದಲ್ಲಿ ಮಾಮ, ಮನೆಗೆ ಹೋದ ಕೂಡಲೇ ಗಳ ಇಳಿಸಿಬಿಡ್ತೀನಿ ಅಂದರು. ಗಳ ಅಲ್ಲೇ ಇರಲಿ, ಮೊದಲು ತೇಜಶ್ರೀ ಅಮ್ಮಂಗೆ ಫೋನ್ ಮಾಡು, ಅಂದರು ದೊಡ್ಡಮ್ಮ. ಮಾಮ ಮಾಡಿದರು. ಅಕ್ಕಂಗೆ ಮನಸ್ಸಿಂದಲ್ಲ, ಕಿವೀದು, ನಾವೇ ತಪ್ಪು ತಿಳ್ಕೊಂಡಿದ್ವಿ, ಅಂತ ಎಂದೂ ಇಲ್ಲದಷ್ಟು ಮೆಲ್ಲಗೆ ಗೊಣಗಿದರು.

ದೊಡ್ಡಮ್ಮ ನೆಟ್ಟಗೆ ಕೂತು ರಸ್ತೆ ನೋಡುತ್ತಿದ್ದರು.

"ಕೇಳಿಸ್ತಿಲ್ಲ ರಾಮು. ಗೇಟಿನ ಹತ್ರ ಹೇಳ್ತಿದ್ಯಲ್ಲ, ಹಾಗೆ ಹೇಳು."