ಒಂದು ಗಂಟೆಯ ವಿಮಾನ

ದಾಳ ಉರುಳುತ್ತಾ ಮೇಜಿನ ಅಂಚಿನವರೆಗೂ ಹೋಯಿತು, ಬಿತ್ತು ಅಂದುಕೊಂಡೆ, ಬೀಳಲಿಲ್ಲ, ಅಂಚಿನಲ್ಲೇ ನಾಲ್ಕು ತೋರಿಸಿಕೊಂಡು ಕೂತಿದೆ, ನಾಲ್ಕೆಂದರೆ ಮೋಡ, ಮೋಡವೆಂದರೆ ಶತ್ರು ವಿಮಾನಗಳ ಕಣ್ಣಿಗೆ ನಾವು ಬೀಳುವುದಿಲ್ಲ, ಸದ್ಯ ಬಚಾವು, ಬಿಲ್ಲೆಯನ್ನು ಒಂದು ಮನೆ ಮುಂದಕ್ಕೆ ತಳ್ಳಬೇಕು, ಎರಡನೇ ಮನೆಯಿಂದ ಮೂರಕ್ಕೆ, ಕೆಳಗೆ ಸಮುದ್ರ — ಬೋರ್ಡಿನ ಸಮುದ್ರಕ್ಕೆ ನನ್ನ ತಮ್ಮ ನೀಲಿ ಬಳಿದಿರಲಿಲ್ಲ, ಬೂದು ಬಳಿದಿದ್ದ, ಅಷ್ಟು ಎತ್ತರದಿಂದ ನೋಡಿದರೆ ಯಾವ ಸಮುದ್ರವೂ ನೀಲಿ ಇರಲ್ಲ ಅಕ್ಕ ಅಂದಿದ್ದ, ನೀನು ಯಾವಾಗ ಹೋಗಿ ನೋಡ್ಕೊಂಡು ಬಂದೆಯೋ ಮಹಾರಾಯ ಅಂದಿದ್ದೆ, ನಕ್ಕಿದ್ದ, ನಗು ಕೆಮ್ಮಾಗಿತ್ತು, ಆಗಿನ್ನೂ ಕೆಮ್ಮು ನಿಲ್ಲುತ್ತಿತ್ತು. ಅವನು ಹೋಗಿ ಒಂದು ತಿಂಗಳು. ಮಧ್ಯಾಹ್ನದ ಬಿಸಿಲು ಮೇಜಿನ ಅರ್ಧದವರೆಗೆ ಬಂದಿದೆ, ಅಡುಗೆಮನೆಯ ಟೈಮರ್ ಪಕ್ಕದಲ್ಲಿ ಟಿಕ್ ಟಿಕ್ ಅನ್ನುತ್ತಿದೆ, ಒಂದು ಗಂಟೆಗೆ ತಿರುಗಿಸಿ ಇಟ್ಟಿದ್ದೇನೆ, ಇದು ತಮ್ಮ ಮಾಡಿದ ಆಟದ ಕೊನೆಯ ಪರೀಕ್ಷೆ, ನಾಳೆ ನಿಯಮಗಳ ಹಾಳೆಗಳು ಆಟ ಮಾರುವ ಕಂಪನಿಯ ಸಾಹೇಬರ, ನಾವು ಒಂದು ಗಂಟೆ ಸಾಹೇಬರು ಅನ್ನುತ್ತಿದ್ದವರ, ಕೈ ಸೇರಬೇಕು, ಯುದ್ಧಕಾಲದ ಬಾಂಬರ್ ವಿಮಾನ, ಒಳಗೆ ಹತ್ತು ಜನ, ಹೋಗಬೇಕು, ಬಾಂಬು ಹಾಕಬೇಕು, ತಿರುಗಿ ಬರಬೇಕು, ಬಂದರೆ ಗೆದ್ದ ಹಾಗೆ, ಒಬ್ಬರೇ ಕೂತು ಆಡುವ ಆಟ, ಒಬ್ಬಳೇ ಕೂತು ಆಡುತ್ತಿದ್ದೇನೆ, ಇದಕ್ಕಿಂತ ಸರಿಯಾದ ಪರೀಕ್ಷೆ ಇನ್ನೇನಿದೆ. ಮನೆ ಎಷ್ಟು ನಿಶ್ಶಬ್ದವಾಗಿದೆ, ಬಾಡಿಗೆಯ ಆಕ್ಸಿಜನ್ ಮೆಷಿನ್ನನ್ನು ಹೋದ ವಾರ ಬಂದು ಹೊತ್ತುಕೊಂಡು ಹೋದರು, ಅದು ಗೊರಗೊರ ಅನ್ನುತ್ತಿದ್ದಾಗ ಒಂದು ನಿಮಿಷ ನಿಲ್ಲಬಾರದೇ ಇದರ ಬಾಯಿ ಅನ್ನಿಸುತ್ತಿತ್ತು, ಈಗ ಟೈಮರಿನ ಸದ್ದೇ ದೊಡ್ಡದು.

ಆಟ ಶುರುವಾದದ್ದು ಸಿಟ್ಟಿನಿಂದ, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವನು ಸಾರಿಗೆ ಕಚೇರಿಯ ಕೆಲಸ ಬಿಟ್ಟು ನನ್ನ ಮನೆಯ ಹಿಂದಿನ ಕೋಣೆಗೆ ಬಂದ, ಹೊತ್ತು ಹೋಗಲಿ ಅಂತ ಕಚೇರಿಯವರು ಯಾರೋ ಒಂದು ಆಟದ ಪೆಟ್ಟಿಗೆ ತಂದುಕೊಟ್ಟರು, ಅದೂ ಬಾಂಬರ್ ವಿಮಾನದ್ದೇ, ಎರಡು ಸಲ ಆಡಿ ಮುಚ್ಚಿಟ್ಟ, ಏನು ಸುಳ್ಳು ಅಕ್ಕ ಇದು, ಇಷ್ಟು ಎತ್ತರ ಹೋಗ್ತಾರೆ, ಒಬ್ಬನಿಗೂ ಚಳಿಯಾಗಲ್ಲ, ಒಬ್ಬನಿಗೂ ಉಸಿರು ಕಟ್ಟಲ್ಲ, ಗುಂಡು ತಗುಲಿದರೆ ಮಾತ್ರ ಸಾಯ್ತಾರಂತೆ, ಎಂಥ ಅದೃಷ್ಟವಂತರು ನೋಡು. ಬಸ್ಸುಗಳ ವೇಳಾಪಟ್ಟಿ ಮಾಡುತ್ತಿದ್ದವನು ಅವನು, ಚಾಲಕರು ಬಂದು ಮೇಜು ಗುದ್ದುತ್ತಿದ್ದರಂತೆ, ಈ ಟೈಮಿಗೆ ಹಕ್ಕಿ ಕೂಡ ತಲುಪಲ್ಲ ಸ್ವಾಮಿ, ಇವನು ಏನು ಮಾಡಲಿ, ಸಿಗ್ನಲ್ಲು, ಗುಂಡಿ, ಚಿಲ್ಲರೆ ಜಗಳ, ಎಲ್ಲಾ ನಿಜ ಬರೆದರೆ ಬಸ್ಸು ಹೊರಡೋದೇ ಇಲ್ಲ, ಅದಕ್ಕೇ ಅಕ್ಕ, ಬಸ್ಸಿಗೆ ಸುಳ್ಳು ಬರೆದು ಬರೆದು ಸಾಕಾಗಿದೆ, ವಿಮಾನಕ್ಕಾದರೂ ನಿಜ ಬರೀತೀನಿ ಅಂದ. ಬರೆದ, ನಾನು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಕಟಿಂಗ್ ಮೆಷಿನ್ ಮೇಲೆ ಕೂರುವವಳು, ಚಪ್ಪಲಿ ಡಬ್ಬಿಯ ಉಳಿದ ಚೂರುಗಳಿಂದ ಬಿಲ್ಲೆ ಕತ್ತರಿಸಿ ತಂದುಕೊಟ್ಟೆ, ಇವತ್ತಿಗೂ ಕ್ಯಾಪ್ಟನ್ನನ ಬಿಲ್ಲೆ ಮಗುಚಿದರೆ ಹಿಂದೆ ಡಬ್ಬಿಯ ಮೇಲಿನ ಚಿತ್ರದ ಅರ್ಧ ಹಿಮ್ಮಡಿ. ಮೊದಲ ಸಲ ಆಡಿದಾಗ ನಾನು ಕೆಲಸಕ್ಕೆ ಹೋಗುವಾಗ ವಿಮಾನ ಸಮುದ್ರದ ಮೇಲಿತ್ತು, ಸಂಜೆ ಬಂದಾಗಲೂ ಸಮುದ್ರದ ಮೇಲೇ ಇತ್ತು, ಏನೋ ಇದು, ಈಜ್ಕೊಂಡು ಹೋಗಿದ್ರೂ ತಲುಪ್ತಿದ್ರಲ್ಲೋ ಅಂದೆ, ದಾಳ ಹಾಕ್ತೀಯ, ಕೋಷ್ಟಕ ನೋಡ್ತೀಯ, ಮತ್ತೆ ದಾಳ ಹಾಕ್ತೀಯ, ಆಟ ನೀನು ಆಡ್ತಿದ್ದೀಯೋ, ಅದು ನಿನ್ನನ್ನ ಆಡಿಸ್ತಿದೆಯೋ. ಅವರಿಗೂ ಅಷ್ಟೇ ಕಣಕ್ಕ, ಕೂತಲ್ಲೇ ಕೂತು ಮುಂದೇನಾಗುತ್ತೋ ಅಂತ ನೋಡ್ತಿದ್ರು, ಅಂದು ನನ್ನ ಮುಖ ನೋಡಿದ, ನಾನು ಕುಕ್ಕರಿನ ಕಡೆ ನೋಡಿದೆ.

ಮೂರನೇ ಮನೆ, ದಾಳ, ಐದು, ಏನೂ ಇಲ್ಲ, ಮುಂದೆ. ಸಾಹೇಬರನ್ನು ಕರೆತಂದದ್ದು ನಾನೇ, ಆಟಗಳನ್ನು ಮಾಡಿ ಮಾರುವ ಕಂಪನಿಯವರು, ಅವರ ಪೆಟ್ಟಿಗೆಗಳು ನಮ್ಮ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದವು, ಬಂದರು, ಬೂಟು ಬಿಚ್ಚಿ ಹಾಸಿಗೆಯ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತರು, ಒಳ್ಳೆಯ ಮನುಷ್ಯ, ಸಾರ್ ಅದ್ಭುತವಾಗಿದೆ, ಆದ್ರೆ ಕೆಲಸ ಮುಗಿಸಿ ಬಂದೋನು ಊಟಕ್ಕೆ ಮುಂಚೆ ಕೂತು ಆಡಿ ಏಳಬೇಕು, ಒಂದು ಗಂಟೆ, ಒಂದೇ ಗಂಟೆ. ಅವರು ಮೆಟ್ಟಿಲಿಳಿಯುವ ಮೊದಲೇ ಒಂದು ಗಂಟೆ ಸಾಹೇಬರು ಅಂತ ಹೆಸರು ಬಿದ್ದಾಗಿತ್ತು. ಆಮೇಲೆ ಕತ್ತರಿ, ಗಾಳಿಯ ದಿಕ್ಕು ಹೋಯಿತು, ಚಳಿಗೆ ಹೆಪ್ಪುಗಟ್ಟುವ ಬಂದೂಕು ಹೋಯಿತು, ಇಂಧನದ ಲೆಕ್ಕ ಅರ್ಧವಾಯಿತು, ಬಾಂಬು ಹಾಕಿದ ಮೇಲೆ ಆಡುವವನು ದಾಳ ಮುಟ್ಟದೆ ಒಂದು ನಿಮಿಷ ಸುಮ್ಮನೆ ಕೂರಬೇಕು ಎಂದಿತ್ತು, ಅದನ್ನು ನಾನು ಕೇಳಿದ್ದಕ್ಕೆ ಸೇರಿಸಿದ್ದ, ಕೆಳಗಿದ್ದೋರ ಗತಿ ಏನೋ ಅಂತ ನಾನು ಕೇಳಿದ್ದೆ, ಅವನು ತುಂಬಾ ಹೊತ್ತು ಪೆನ್ಸಿಲು ಕಚ್ಚಿಕೊಂಡಿದ್ದು ಅದಕ್ಕೆ ಯಾವ ದಾಳವೂ ಸಾಲಲ್ಲ ಅಕ್ಕ ಅಂದಿದ್ದ, ಆ ನಿಮಿಷವೂ ಹೋಯಿತು, ಸುಮ್ಮನೆ ಕೂರೋದಕ್ಕೆ ಆಟ ಯಾಕೆ ಸಾರ್, ಸೋಫಾ ಸಾಕಲ್ಲ ಅಂದರು ಸಾಹೇಬರು, ತಮ್ಮನಿಗೂ ನಗು ಬಂತು, ತೆಗೆದ. ಒಂದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕರೆಯುವ ನಿಯಮ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಎಲ್ಲರ ಮೂಗಿಗೂ ಕೊಳವೆ, ಕೊಳವೆಯೊಳಗೆ ಉಸಿರಿನ ತೇವ ಮಂಜುಗಟ್ಟಿದರೆ ಉಸಿರು ನಿಲ್ಲುತ್ತದೆ, ನಿಲ್ಲುವುದು ಆ ಮನುಷ್ಯನಿಗೇ ಗೊತ್ತಾಗುವುದಿಲ್ಲ, ನಿದ್ದೆ ಬಂದ ಹಾಗಿರುತ್ತದೆ, ಅದಕ್ಕೇ ಪ್ರತಿ ಮನೆಯಲ್ಲೂ ಕ್ಯಾಪ್ಟನ್ ವಿಮಾನದ ಮೂಗಿನಲ್ಲಿ ಕೂತವನಿಂದ ಬಾಲದಲ್ಲಿ ಕೂತವನವರೆಗೆ ಒಬ್ಬೊಬ್ಬರನ್ನೇ ಕರೆಯಬೇಕು, ಮೂಗಿನವನೇ, ಇದ್ದೀನಿ, ಎಡಗಡೆಯವನೇ, ಇದ್ದೀನಿ, ಬಾಲದವನೇ — ಒಬ್ಬೊಬ್ಬನಿಗೂ ಒಂದೊಂದು ದಾಳ, ಸುಮಾರು ಸಲ ಏನೂ ಆಗುವುದೇ ಇಲ್ಲ, ಎಲ್ಲರೂ ಇದ್ದೀನಿ ಅಂತಲೇ ಇರುತ್ತಾರೆ, ಆಟದ ಅರ್ಧ ಹೊತ್ತು ತಿನ್ನುತ್ತಿದ್ದದ್ದು ಅದೇ, ಬೋರಾಗುತ್ತೆ ಸಾರ್ ಅಂದರೆ ಬೋರಾಗ್ಲಿ ಸಾರ್ ಅನ್ನುತ್ತಿದ್ದ, ಹತ್ತು ಸಲ ಬೋರಾದರೇನೇ ಹನ್ನೊಂದನೇ ಸಲ ಎದೆ ಧಸಕ್ಕೆನ್ನೋದು.

ಮನೆಗೂ ಅದೇ ನಿಯಮ ಬಂತು, ಅವನ ಕೋಣೆ ಹಿಂದುಗಡೆ, ವಿಮಾನದ ಬಾಲದ ಜಾಗ, ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ, ಬಾಲದವನೇ, ಮೆಷಿನ್ನಿನ ಗೊರಗೊರ ದಾಟಿಕೊಂಡು ಬರುತ್ತಿತ್ತು, ಇದ್ದೀನಿ ಕ್ಯಾಪ್ಟನ್, ಸಾರಿಗೆ ಉಪ್ಪು ಕಮ್ಮಿ ಹಾಕಿ ಕ್ಯಾಪ್ಟನ್, ಬಟ್ಟೆ ಒಣಹಾಕುತ್ತಾ, ಬಾಲದವನೇ, ಇದ್ದೀನಿ, ಬಾಗಿಲು ತೆಗೆಯುತ್ತಲೇ, ಇದ್ದೀನಿ, ಮೊದಮೊದಲು ತಮಾಷೆ, ಆಮೇಲೆ ತಮಾಷೆಯ ದನಿಯಲ್ಲೇ ಕೂಗುತ್ತಿದ್ದೆ, ಅಷ್ಟೇ. ಬೆರಳಿಗೆ ಹಾಕುವ ಕ್ಲಿಪ್ಪು ಕೊಟ್ಟಿದ್ದರು ಆಸ್ಪತ್ರೆಯಲ್ಲಿ, ರಕ್ತದಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ಅಂಕಿ ತೋರಿಸುವುದು, ಅವನ ಕೈ ಸದಾ ತಣ್ಣಗೆ, ಬೆರಳು ತಣ್ಣಗಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ, ಅಂಕಿಯ ಜಾಗದಲ್ಲಿ ಎರಡು ಪುಟ್ಟ ಗೆರೆ, ಕೆಂಪಗೆ, ಪಕ್ಕಪಕ್ಕ, ಮೊದಲ ಸಲ ನೋಡಿ ಆಸ್ಪತ್ರೆಗೆ ಫೋನು ಮಾಡಲು ಹೊರಟಿದ್ದೆ, ಬೆರಳು ಉಜ್ಜಮ್ಮ ಮೊದಲು, ನಾನಿನ್ನೂ ಮಾತಾಡ್ತಿದ್ದೀನಲ್ಲ ಅಂತ ಅವನೇ ಬೈದ, ಉಜ್ಜಿದೆ, ಬಿಸಿಯಾಯಿತು, ಅಂಕಿ ಬಂತು, ಆಮೇಲೆ ಅದೊಂದು ರೂಢಿ, ಎರಡು ಗೆರೆ, ಉಜ್ಜು, ಅಂಕಿ.

ಐದನೇ ಮನೆ, ಕೆಳಗಿನಿಂದ ಸಿಡಿಗುಂಡು, ಎಡ ರೆಕ್ಕೆಗೆ ತೂತು, ಎಂಜಿನ್ನಿಗೆ ಏನಾಗಿಲ್ಲ, ಗುರಿ, ಬಾಂಬು ಹಾಕಿಯಾಯಿತು, ತಿರುಗು, ಬೇಗ ತಿರುಗು, ಸುಮ್ಮನೆ ಕೂರುವುದು ಸೊನ್ನೆ ನಿಮಿಷ. ಮಾತಿಗಿಂತ ಉಸಿರು ತುಟ್ಟಿಯಾದ ದಿನಗಳು ಬಂದವು, ಒಂದು ಬೆಳಿಗ್ಗೆ ನಾನು ಕೂಗಿದೆ, ಉತ್ತರವಿಲ್ಲ, ಓಡಿದೆ, ಕೈಯಲ್ಲಿ ಸೌಟು ಹಾಗೇ ಇತ್ತು, ದಿಂಬುಗಳಿಗೆ ಒರಗಿ ಕೂತಿದ್ದಾನೆ, ಕಣ್ಣು ಬಿಟ್ಟೇ ಇದ್ದಾನೆ, ಕೈ ಸನ್ನೆ ಮಾಡಿ ಹತ್ತಿರ ಕರೆದ, ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದ, ಕೂಗಬೇಡ ಅಕ್ಕ, ಉತ್ತರ ಕೊಡೋಕೆ, ಉಸಿರು ಖರ್ಚಾಗುತ್ತೆ. ಸರಿ ಕಣೋ ಅಂದೆ, ಸೌಟಿನಿಂದ ಸಾರು ಅವನ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ದಾಳದಿಂದ ಮಂಚದ ಕಂಬಿಗೆ ಒಮ್ಮೆ ಟಕ್ ಅನ್ನಿಸುತ್ತಿದ್ದ, ಅದೇ ಇದ್ದೀನಿ. ಅದೇ ವಾರ ಹೇಳಿದ, ಕರೆಯೋ ನಿಯಮ ತೆಗೆದುಬಿಡು, ಮನೆಗೊಂದು ಸಲ ಎಲ್ಲರಿಗೂ ಸೇರಿ ಒಂದೇ ದಾಳ ಹಾಕ್ಲಿ. ನನಗೆ ರೇಗಿತು, ಸಾಹೇಬರಿಗೋಸ್ಕರ ತೆಗೀತಿದ್ದೀಯಾ, ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿದೋನು ನೀನೇ ಅಲ್ವೇನೋ, ಅದು ನಿಜ ಅಂತ ಹೇಳ್ತಿದ್ದೋನು. ಅವನು ತಲೆಯಾಡಿಸಿದ, ಕಾದೆ, ಎರಡು ಉಸಿರು, ಮೂರು ಉಸಿರು, ನಿಜಾನೇ ಅಕ್ಕ, ಕರೆಯೋನಿಗೆ ಅದು ಆಟ, ಉತ್ತರ ಕೊಡೋನಿಗೆ ಕೆಲಸ, ನಾನು ಕರೆಯೋನ ಕಡೆಯಿಂದ ಬರೆದಿದ್ದೆ. ಬಿಡಲಿ ಅವರನ್ನ, ಅಂದ, ಹೋಗಿ ಬರ್ಲಿ ಪಾಪ. ಹತ್ತೂ ರಟ್ಟಿನ ಚೂರುಗಳ ಬಗ್ಗೆ ಹೇಳಿದ ಪಾಪ ಅದು, ಅಂದುಕೊಂಡೆ, ಅಲ್ಲ ಅಂತಲೂ ಗೊತ್ತಿತ್ತು.

ಅವನು ಹೋದ ದಿನವೂ ಮಧ್ಯಾಹ್ನವೇ, ಇಂಥದೇ ಬಿಸಿಲು, ಹೊಸ ನಿಯಮದಲ್ಲಿ ಒಂದು ಸಲ ಆಡಿ ತೋರಿಸು ಅಂತ ಸನ್ನೆ ಮಾಡಿದ, ಊಟದ ತಟ್ಟೆ ಇಡುವ ಹಲಗೆಯ ಮೇಲೆ ಬೋರ್ಡು ಹಾಸಿ ಅವನ ಮಂಚದ ಮೇಲೇ ಕೂತೆ, ಅವನ ಕಾಲು ನನ್ನ ಬೆನ್ನಿಗೆ ತಗುಲುತ್ತಿತ್ತು, ಟೈಮರ್ ತಿರುಗಿಸಿಟ್ಟೆ, ಆಡಿದೆ, ಸರಸರ ಸಾಗಿತು, ಸಮುದ್ರ ಎರಡೇ ದಾಳಕ್ಕೆ ದಾಟಿತು, ಅವನು ಕಣ್ಣಲ್ಲೇ ಬಿಲ್ಲೆ ಹಿಂಬಾಲಿಸುತ್ತಿದ್ದ, ವಿಮಾನ ಇಳಿದಾಗ ಗಂಟೆಗೆ ಇನ್ನೂ ಹೊತ್ತಿತ್ತು, ಎಲ್ಲರೂ ಬಂದರಾ ಅಂದ, ತುಟಿ ನೋಡಿ ತಿಳಿದುಕೊಂಡೆ, ಬಂದ್ರು ಕಣೋ, ಎಡಗಡೆಯವನ ಕಾಲಿಗೆ ಗಾಯ, ಆದ್ರೂ ಬಂದ, ಅಂದೆ. ಪರವಾಗಿಲ್ಲ ಅನ್ನುವ ಹಾಗೆ ರೆಪ್ಪೆ ಮುಚ್ಚಿದ, ವೇಳಾಪಟ್ಟಿಯ ಪ್ರಕಾರ ಬಸ್ಸು ಬಂದರೆ ಹೇಗಿರುತ್ತಿತ್ತೋ ಅವನ ಮುಖ ಹಾಗಿತ್ತು, ನಾನು ಬಿಲ್ಲೆಗಳನ್ನು ಡಬ್ಬಿಗೆ ತುಂಬಿಸಿ ಅಭ್ಯಾಸದಂತೆ ಕ್ಲಿಪ್ಪಿನ ಕಡೆ ನೋಡಿದೆ, ಎರಡು ಗೆರೆ, ಉಜ್ಜಿದೆ, ಅಂಕಿ ಬಂತು, ಸಣ್ಣ ಅಂಕಿ, ಹೋಯಿತು, ಎರಡು ಗೆರೆ, ಇನ್ನೊಂದು ಬೆರಳಿಗೆ ಹಾಕಿದೆ, ಉಜ್ಜಿದೆ, ಎರಡೂ ಅಂಗೈ ನಡುವೆ ಇಟ್ಟು ಉಜ್ಜಿದೆ, ಬಾಯಿಂದ ಬಿಸಿ ಗಾಳಿ ಊದಿದೆ, ಫೋನು ಮಾಡಿದ್ದು ಯಾವಾಗ, ನಾನೇ ಮಾಡಿದೆನಂತೆ, ಆಂಬುಲೆನ್ಸಿನವರು ಬಂದಾಗಲೂ ಉಜ್ಜುತ್ತಿದ್ದೆನಂತೆ, ಅವರಲ್ಲಿ ವಯಸ್ಸಾದವರೊಬ್ಬರು ನನ್ನ ಕೈ ಬಿಡಿಸಿದರು, ಬಿಡಿ ತಾಯಿ, ಸಾಕು, ನೋವಿಲ್ಲದೆ ಹೋಗಿದ್ದಾರೆ, ಬಿಡಿ.

ಈಗ ಫೋನು. ಸಾಹೇಬರು. ಟೈಮರ್ ನಿಲ್ಲಿಸಲಿಲ್ಲ, ಭುಜಕ್ಕೂ ಕಿವಿಗೂ ಮಧ್ಯೆ ಫೋನು ಒತ್ತಿಕೊಂಡು ದಾಳ ಹಾಕಿದೆ, ಆರನೇ ಮನೆ, ಮೇಡಂ, ಊಟ ಆಯ್ತಾ, ಒಂದು ಮಾತು, ಬೇಜಾರು ಮಾಡ್ಕೋಬೇಡಿ, ಆಡಿ ನೋಡೋಕೆ ನಾಲ್ಕಾರು ಜನಕ್ಕೆ ಕೊಟ್ಟಿದ್ನಲ್ಲ, ಬೇಗ ಮುಗಿಯುತ್ತೆ, ಚೆನ್ನಾಗಿದೆ ಅಂತಾರೆ, ಆದ್ರೆ ಹಳೇದರಲ್ಲಿ ಒಬ್ಬೊಬ್ಬರನ್ನೂ ಕರೀತಿದ್ವಲ್ಲ, ಅದು ಬೇಕಂತೆ, ಈಗ ಯಾರಾದ್ರೂ ಸತ್ರೆ ಒಂದು ಬಿಲ್ಲೆ ತೆಗೆದಿಟ್ಟ ಹಾಗಿದೆ, ಅಷ್ಟೇ ಅಂತಾರೆ, ನಂಗೂ ಹಾಗೇ ಅನ್ನಿಸ್ತು, ಸುಮ್ನೆ ನಾನು ಒಂದು ಗಂಟೆ ಒಂದು ಗಂಟೆ ಅಂತ ಹಿಂದೆ ಬಿದ್ದೆ, ಮತ್ತೆ ಸೇರಿಸಿಬಿಡಿ ಮೇಡಂ, ಎರಡು ಗಂಟೆ ಅಂತಲೇ ಪೆಟ್ಟಿಗೆ ಮೇಲೆ ಅಚ್ಚು ಹಾಕಿಸೋಣ. ಬೇಡ ಸಾರ್ ಅಂದೆ. ಯಾಕೆ ಮೇಡಂ, ನಿಮ್ಮ ತಮ್ಮ ಅದಕ್ಕೋಸ್ಕರ ನನ್ನ ಹತ್ರ ಜಗಳವೇ ಆಡಿದ್ರಲ್ಲ, ಅವರ ನೆನಪಿಗಾದ್ರೂ — ಅವನೇ ತೆಗೆಸಿದ್ದು ಸಾರ್. ಹೌದಾ, ಅಂದರು, ಯಾಕಂತೆ ಅಂತ ಕೇಳುತ್ತಾರೆ, ಕೇಳಿದರೆ ಏನು ಹೇಳಲಿ, ಕೇಳಲಿಲ್ಲ, ಸರಿ ಮೇಡಂ, ಹಾಗೇ ಇರ್ಲಿ, ನಾಳೆ ಕಳಿಸಿ ಅಂದರು, ಒಳ್ಳೆಯ ಮನುಷ್ಯ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಆಡುವವರು ಯಾರೋ, ಯಾವ ಮನೆಯಲ್ಲೋ, ಕೆಲಸ ಮುಗಿಸಿ ಬಂದು ಕೂತು ಹತ್ತು ಜನರನ್ನು ಕಳಿಸಿ, ಕರೆಯದೆ, ಮಾತಾಡಿಸದೆ, ಅವರ ಪಾಡಿಗೆ ಅವರನ್ನು ಬಿಟ್ಟು, ಊಟಕ್ಕೆ ಎದ್ದು ಹೋಗುತ್ತಾರೆ, ಹೋಗಲಿ, ಉತ್ತರಕ್ಕೆ ಕಾಯುವುದು ಏನು ಅಂತ ಕರೆದವರಿಗೆ ಮಾತ್ರ ಗೊತ್ತು, ನಾನು ಆಮೇಲೂ ಕೂಗಬೇಕಿತ್ತು ಅನ್ನಿಸುತ್ತದೆ ಕೆಲವು ಸಲ, ಅವನ ಉಸಿರು ಖರ್ಚಾದರೂ ಸರಿ ಇನ್ನೊಂದೇ ಒಂದು ಸಲ ಆ ದನಿ, ಥೂ, ಎಂಥ ಆಸೆ. ಏಳನೇ ಮನೆ, ಸಮುದ್ರ, ಬೂದು ಬಣ್ಣ, ಎಂಟನೇ ಮನೆ, ಮೋಡ, ದಾಳ, ಇಳಿಯುವ ಪಟ್ಟಿ ಕಾಣುತ್ತದೆ, ದಾಳ, ಚಕ್ರ ಹೊರಬಂತು, ಇಳಿಯಿತು, ಎಲ್ಲರೂ ಬಂದರು, ಒಬ್ಬನಿಗೂ ಗಾಯವಿಲ್ಲ, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಟೈಮರಿನ ಮುಳ್ಳು ಇನ್ನೂ ಸೊನ್ನೆ ಮುಟ್ಟಿಲ್ಲ, ಉಳಿದ ಹೊತ್ತು ಉಳಿದೇ ಇದೆ, ಮಾಡಲು ಏನೂ ಇಲ್ಲ, ಬಿಸಿಲು ಮೇಜು ದಾಟಿ ನನ್ನ ಕೈ ಮೇಲೆ ಬಂದಿದೆ, ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿದೆ, ಯಾವಾಗಿನಿಂದ ಉಜ್ಜುತ್ತಿದೆಯೋ, ನನ್ನ ಬೆರಳೇನೂ ತಣ್ಣಗಿಲ್ಲ, ಬಿಸಿಲಿಗೆ ಸುಡುತ್ತಿದೆ, ಆದರೂ ಉಜ್ಜುತ್ತಲೇ ಇದೆ, ಈಗ ಬರುತ್ತದೆ, ಇನ್ನೊಂದು ಸ್ವಲ್ಪ, ಈಗ ಬರುತ್ತದೆ ಅಂಕಿ — ಎರಡು ಗೆರೆ, ಕೆಂಪಗೆ, ಪಕ್ಕಪಕ್ಕ, ಎರಡೇ ಗೆರೆ