ಅಮೃತಹಳ್ಳಿಯ ನಾಲ್ಕನೇ ಹಸು

ನಗರದ ಉತ್ತರಕ್ಕಿದ್ದ ಒಂದು ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಕಾಯಿಲೆಗೆ ಒಂದು ಕಟ್ಟಡ, ದನಗಳ ಕಾಯಿಲೆಗೆ ಇನ್ನೊಂದು, ನೆಲ-ನೀರಿಗೆ ಮತ್ತೊಂದು ಇತ್ತು. ಒಂದು ಕಟ್ಟಡದವರು ಇನ್ನೊಂದಕ್ಕೆ ಕಾಲಿಡುವ ಪದ್ಧತಿ ಇರಲಿಲ್ಲ. ೧೯೭೮ರಲ್ಲಿ ಕುಲಪತಿಗಳು ಹೊರದೇಶದ ಸಮ್ಮೇಳನದಿಂದ ಹಿಂದಿರುಗಿದವರೇ, "ಮನುಷ್ಯ, ಪ್ರಾಣಿ, ಪರಿಸರ, ಮೂರರ ಆರೋಗ್ಯವೂ ಒಂದೇ" ಎಂದು ಘೋಷಿಸಿ, ಮೂವರು ಮುಖ್ಯಸ್ಥರನ್ನು ಒಂದು ಸಮಿತಿಗೆ ಕಟ್ಟಿಹಾಕಿದರು.

ಮೂವರಲ್ಲಿ ಹಿರಿಯರು ಡಾಕ್ಟರ್ ಕಾಶಿನಾಥ. ಜ್ವರದ ತಜ್ಞರು. ರೋಗಿಯ ಹಣೆ ಮುಟ್ಟದೆ, ಬಾಗಿಲಲ್ಲೇ ನಿಂತು ರೋಗ ಹೇಳಬಲ್ಲರು ಎಂಬ ಖ್ಯಾತಿ ಇತ್ತು. ಅದನ್ನು ಹಬ್ಬಿಸಿದವರೂ ಅವರೇ. ಎರಡನೆಯವರು ವಿಜಾಪುರ ಕಡೆಯ ಪಶುವೈದ್ಯ ಸಿದ್ರಾಮಪ್ಪ. ಮೂರನೆಯವರು ನೀರಿನ ಪ್ರೊಫೆಸರ್ ಫರೀದಾ. ಊರಿನ ಕೆರೆಗಳನ್ನೆಲ್ಲ ಪರೀಕ್ಷಿಸಿದ್ದರಿಂದಲೋ ಏನೋ, ಮನೆಯಿಂದ ತಂದ ಫ್ಲಾಸ್ಕಿನದ್ದಲ್ಲದೆ ಬೇರೆಲ್ಲೂ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ.

ಸಮಿತಿಯ ಹೆಸರಿನಲ್ಲಿ ಮನುಷ್ಯ ಮೊದಲು ಬರಬೇಕೋ ಪ್ರಾಣಿಯೋ ಎಂಬುದನ್ನು ತೀರ್ಮಾನಿಸುವುದರಲ್ಲೇ ಮಳೆಗಾಲ ಕಳೆಯಿತು. ಸಿದ್ರಾಮಪ್ಪ, "ಸೃಷ್ಟಿಯೊಳಗ ಮೊದಲ ಬಂದಾವ ಪ್ರಾಣಿ ಅಲ್ಲೇನ್ರಿ?" ಎಂದರು. ಫರೀದಾ, "ಹಾಗಾದರೆ ನೀರು ಅದಕ್ಕೂ ಮೊದಲು" ಎಂದರು. ಕಾಶಿನಾಥರು, "ಸಂಬಳ ತಗೊಳ್ಳೋದು ಮನುಷ್ಯ ಒಬ್ಬನೇ ಕಣ್ರೀ" ಎಂದು ಮುಗಿಸಲು ನೋಡಿದರು. ಮುಗಿಯಲಿಲ್ಲ.

ಅಷ್ಟರಲ್ಲಿ ಹತ್ತಿರದ ಅಮೃತಹಳ್ಳಿಯಲ್ಲಿ ಗಬ್ಬದ ಹಸುಗಳು ಒಂದರ ಹಿಂದೊಂದು ದಿನ ತುಂಬುವ ಮುಂಚೆಯೇ ಕಂದು ಹಾಕುತ್ತಿವೆ, ಜೊತೆಗೆ ಕೆಲವರಿಗೆ ಸಂಜೆ ಸಂಜೆ ಜ್ವರ ಬರುತ್ತಿದೆ ಎಂಬ ಸುದ್ದಿ ಬಂತು. ಕುಲಪತಿಗಳು, "ಇಂಥದಕ್ಕಲ್ಲವೇ ನಿಮ್ಮನ್ನು ಕೂರಿಸಿರುವುದು?" ಎಂದು ಗದರಿದ ಮೇಲೆ, ಹೆಸರಿಲ್ಲದ ಸಮಿತಿ ಜೀಪು ಹತ್ತಿತು.

ಅವರು ಮೊದಲು ಹೋದದ್ದು ಮುನಿಗಂಗಮ್ಮನ ಮನೆಗೆ. ಆಕೆಯ ಕೊಟ್ಟಿಗೆಯಲ್ಲಿ ಮೂರು ಹಸು. ಕೆಂದಹಸು ಏಳು ತಿಂಗಳಿಗೆ ಕಂದು ಹಾಕಿತ್ತು. ಜಗಲಿಯ ಮೇಲೆ ಆಕೆಯ ಗಂಡ ಲಕ್ಕಣ್ಣ ಕಂಬಳಿ ಹೊದ್ದು ಮುದುಡಿ ಕೂತಿದ್ದ. ಎದ್ದು ನಿಲ್ಲಲು ಹೋದರೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ಸಿದ್ರಾಮಪ್ಪ ಕೊಟ್ಟಿಗೆಗೆ ನುಗ್ಗಿ ಮೂರೂ ಹಸುಗಳ ರಕ್ತ ತೆಗೆದರು. ಮುನಿಗಂಗಮ್ಮ ಅವರ ಹಿಂದೆಯೇ ಬಂದು, "ಸ್ವಾಮಿ, ನಮ್ಮೆಜಮಾನ್ರನ್ನೂ ಒಸಿ ನೋಡಿ. ಸಂಜೆ ಆಯ್ತು ಅಂದ್ರೆ ಮೈ ಕಾದೋಯ್ತದೆ, ಆಮೇಲೆ ಬೆವರು ಬುಟ್ಕೊಂಡು ಆಸಿಗೆಯೆಲ್ಲಾ ಒದ್ದೆ" ಎಂದಳು.

"ಅದು ನಮ್ಮ ವಿಭಾಗಕ್ಕ ಬರಂಗಿಲ್ಲವ್ವಾ" ಎಂದು ಸಿದ್ರಾಮಪ್ಪ ಕಾಶಿನಾಥರ ಕಡೆ ಕೈ ತೋರಿದರು.

ಕಾಶಿನಾಥರು ಅಂಗಳದಲ್ಲೇ ನಿಂತು ಲಕ್ಕಣ್ಣನನ್ನು ಕಣ್ಣಲ್ಲೇ ಅಳೆದು, "ಮಲೇರಿಯಾ" ಎಂದರು. ಹಸು ಕಂದು ಹಾಕಿದ ವಿಷಯವನ್ನು ಆಕೆ ಮತ್ತೆ ಎತ್ತಿದಾಗ, "ಹಸುಗೂ ಇವರ ಜ್ವರಕ್ಕೂ ಏನಮ್ಮಾ ಸಂಬಂಧ? ಅದನ್ನ ಅವರಿಗೆ ಹೇಳು" ಎಂದುಬಿಟ್ಟರು. ಫರೀದಾ ಕೆರೆಯ ಏರಿಯ ಮೇಲಿದ್ದರು. ಸತ್ತು ಹುಟ್ಟಿದ ಕರುಗಳನ್ನು ಜನ ಕೆರೆಯಂಚಿಗೇ ಎಸೆದಿದ್ದನ್ನು ಕಂಡು ಮೂಗು ಮುಚ್ಚಿಕೊಂಡು ಬಂದು, "ರೋಗ ಎಲ್ಲಾ ನೀರಿಂದಲೇ" ಎಂದು ತೀರ್ಪು ಕೊಟ್ಟರು.

ಹೊರಡುವಾಗ ಮುನಿಗಂಗಮ್ಮ ಆಗ ತಾನೇ ಕರೆದ ಹಾಲನ್ನು ಲೋಟಗಳಲ್ಲಿ ತಂದಳು. ಸಿದ್ರಾಮಪ್ಪ, "ಕಾಸಿದ್ದರ ಕೊಡ್ರಿ" ಎಂದರು. ಫರೀದಾ ಫ್ಲಾಸ್ಕು ತೋರಿಸಿದರು. ಕಾಶಿನಾಥರು ಮಾತ್ರ ಬೆಳಿಗ್ಗೆ ಯೋಗ ಮಾಡುವವರು, ಪ್ರಕೃತಿಯ ಬಗ್ಗೆ ರೇಡಿಯೋದಲ್ಲಿ ಮಾತಾಡಿದವರು. "ನೊರೆಹಾಲು ಅಂದ್ರೆ ಅಮೃತ ಕಣ್ರೀ, ಊರಿನ ಹೆಸರೇ ಹೇಳುತ್ತೆ" ಎಂದು ತಮ್ಮದನ್ನೂ ಉಳಿದಿಬ್ಬರದನ್ನೂ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡರು.

ಕೆಲವು ವಾರಗಳಾದ ಮೇಲೆ ಕಾಶಿನಾಥರಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದರು, ಸಂಜೆಗೆ ಹಲ್ಲು ಕಟಕಟ. ಮೊದಲು ಮಲೇರಿಯಾ ಎಂದುಕೊಂಡು ಅದರ ಮಾತ್ರೆ ನುಂಗಿದರು. ಆಮೇಲೆ ಟೈಫಾಯ್ಡ್ ಎಂದುಕೊಂಡು ಇನ್ನೊಂದು. ತಮ್ಮ ಮುಖವನ್ನು ಕನ್ನಡಿಯಲ್ಲಿ, ಬಾಗಿಲಷ್ಟು ದೂರದಿಂದಲೇ ನೋಡಿಯೂ ನೋಡಿದರು. ರೋಗ ಹೊಳೆಯಲಿಲ್ಲ. ಸೊಂಟ ಹಿಡಿದು ಕುರ್ಚಿಯಿಂದ ಏಳುವಾಗ ಎದೆಯಲ್ಲೊಂದು ಗುಮಾನಿ ಎದ್ದಿತು. ರೋಗ ಹಿಡಿದ ಹಸುವಿನಿಂದ, ಅದರ ಕಾಸದ ಹಾಲಿನಿಂದ ಮನುಷ್ಯನಿಗೆ ಹೀಗೊಂದು ಜ್ವರ ಬರುವುದನ್ನು ಪುಸ್ತಕದಲ್ಲಿ ಓದಿದ್ದರು, ಪಾಠವನ್ನೂ ಮಾಡಿದ್ದರು. ಆದರೆ ಅದು ಬೇರೆ ದೇಶದ ಗೌಳಿಗರಿಗೆ ಬರುವ ಕಾಯಿಲೆಯೆಂದು ನಂಬಿದ್ದರು. ಅದರ ಪರೀಕ್ಷೆಗೆ ಬೇಕಾದ ದ್ರಾವಣ ಇದ್ದದ್ದು ದನಗಳ ಕಟ್ಟಡದಲ್ಲಿ ಮಾತ್ರ.

ಮೂರು ದಶಕ ಮನುಷ್ಯರಿಗೆ ಔಷಧ ಕೊಟ್ಟವರು ದನದ ಡಾಕ್ಟರ ಮುಂದೆ ತೋಳು ಚಾಚುವುದೇ? ಕಾಶಿನಾಥರು ತಮ್ಮ ರಕ್ತವನ್ನು ತಾವೇ ತೆಗೆದು, ಮೇಲೆ ನಿಂತ ತಿಳಿಯನ್ನು ಸಣ್ಣ ಸೀಸೆಗೆ ಬಗ್ಗಿಸಿಕೊಂಡು ಸಿದ್ರಾಮಪ್ಪನವರ ಲ್ಯಾಬಿಗೆ ಹೋದರು.

"ಅಮೃತಹಳ್ಳಿಯಿಂದ ಇದೊಂದು ಬಂದಿತ್ತು. ಹಸೂದು" ಎಂದರು.

ಸಿದ್ರಾಮಪ್ಪನವರಿಗೆ ಸಂತೋಷ ತಡೆಯಲಾಗಲಿಲ್ಲ. ಮನುಷ್ಯರ ಕಟ್ಟಡದವರೊಬ್ಬರು ಮೊದಲ ಸಲ ಇಲ್ಲಿಗೆ ಬಂದಿದ್ದಾರೆ! ಕುರ್ಚಿ ಒರೆಸಿ ಕೂರಿಸಿದರು. ಗಾಜಿನ ಮೇಲೆ ಗುಲಾಬಿ ಬಣ್ಣದ ದ್ರಾವಣದ ಹನಿ ಹಾಕಿ, ಸೀಸೆಯಿಂದ ಇನ್ನೊಂದು ಹನಿ ಸೇರಿಸಿ ಅಲುಗಿಸುತ್ತಾ ಕೇಳಿದರು:

"ವಯಸ್ಸೆಷ್ಟ್ರಿ ಇದಕ್ಕ?"

"ಐವತ್... ಐದು ವರ್ಷ."

"ಎಷ್ಟನೇ ಸೂಲು?"

"ಮೂರು ಮಕ್ಕಳು. ಕರುಗಳು."

"ಗಬ್ಬ ಐತೇನು?"

ಕಾಶಿನಾಥರು ಹಣೆ ಒರೆಸಿಕೊಂಡು, "ಇಲ್ಲ ಅಂತ ಕಾಣುತ್ತೆ" ಎಂದರು.

"ಮೇವು ತಿಂತೈತಿ?"

"ಎರಡು ದಿನದಿಂದ ಬರೀ ಗಂಜಿ."

ಹನಿಯಲ್ಲಿ ಒಡೆದ ಹಾಲಿನಂತೆ ಸಣ್ಣ ಗರಣೆಗಳು ಎದ್ದವು. ಸಿದ್ರಾಮಪ್ಪನವರ ಮುಖ ಗಂಭೀರವಾಯಿತು. "ರೋಗ ಖಾತ್ರಿ ಐತ್ರಿ. ಇದನ್ನ ಉಳಿದ ದನದಿಂದ ಬ್ಯಾರೆ ಕಟ್ಟಬೇಕು. ಹೋರಿ ಸನೇಕ್ ಬಿಡಬಾರದು. ಆಕಳಿಗೆ ಈ ರೋಗಕ್ಕ ಔಷಧ ಕೊಡೂದಿಲ್ಲ, ಸುಮ್ನ ಖರ್ಚು. ಯಾರ ಆಕಳ್ರಿ ಇದು?"

"ಮುನಿಗಂಗಮ್ಮಂದು."

"ಆಕೀವು ಮೂರೂ ನಾ ನೋಡೀನಿ. ಕೆಂದ ಆಕಳಿಗಷ್ಟ ರೋಗ ಐತಿ. ಇದು ನಾಲ್ಕನೇದು ಎಲ್ಲಿಂದ ಬಂತು? ಕೆರಿಗೆ ಹೋಗಿ ಉಳಿದ ದನಕ್ಕ ಹಚ್ಚೂದರೊಳಗ ಹಿಡೀಬೇಕು, ನಡೀರಿ!"

ಬೇಡವೆನ್ನುವಷ್ಟರಲ್ಲಿ ಕಾಶಿನಾಥರು ಜೀಪಿನಲ್ಲಿದ್ದರು. ದಾರಿಯಲ್ಲಿ ಫರೀದಾರನ್ನೂ ಹತ್ತಿಸಿಕೊಂಡರು. ಅಮೃತಹಳ್ಳಿಯಲ್ಲಿ ಸಿದ್ರಾಮಪ್ಪ ಮನೆಮನೆ ಹೊಕ್ಕು, "ಐದು ವರ್ಷದ್ದು, ಮೂರು ಕರು ಹಾಕಿದ್ದು, ಗಂಜಿ ಕುಡಿಯೂ ಆಕಳ ಐತೇನ್ರಿ?" ಎಂದು ಕೇಳತೊಡಗಿದರು. ಅಂಥ ಹಸು ಯಾರ ಕೊಟ್ಟಿಗೆಯಲ್ಲೂ ಇರಲಿಲ್ಲ. ಹೊತ್ತು ಇಳಿಯುತ್ತಾ ಬಂತು. ಜೀಪಿನಲ್ಲಿ ಕೂತಿದ್ದ ಕಾಶಿನಾಥರಿಗೆ ಚಳಿ ಹತ್ತಿತು.

ಮುನಿಗಂಗಮ್ಮ ಜೀಪಿನ ಬಳಿ ಬಂದು ಬಗ್ಗಿ ನೋಡಿದಳು. "ಅಯ್ಯೋ ಸ್ವಾಮಿ! ನಮ್ಮೆಜಮಾನ್ರಂಗೇ ಇಂಗೆ ನಡುಗ್ತಾ ಕುಂತಿದೀರಲ್ಲಾ!" ಎಂದು ಒಳಗೆ ಓಡಿ, ಗಂಡನ ಇನ್ನೊಂದು ಕಂಬಳಿ ತಂದು ಅವರಿಗೆ ಹೊದಿಸಿದಳು.

ಆ ಕಂಬಳಿಯೊಳಗೆ ಕಾಶಿನಾಥರ ಬಿಗುಮಾನ ಕರಗಿತೋ, ಸಿದ್ರಾಮಪ್ಪ ಹನ್ನೆರಡನೇ ಕೊಟ್ಟಿಗೆಗೆ ಹೊರಟದ್ದನ್ನು ನೋಡಲಾಗಲಿಲ್ಲವೋ, ಜೋರಾಗಿ ಕೂಗಿದರು:

"ರೀ ಸಿದ್ರಾಮಪ್ಪ, ಹುಡುಕೋದು ನಿಲ್ಲಿಸ್ರೀ! ಆ ಹಸು ನಾನೇ ಕಣ್ರೀ!"

ಫರೀದಾ ಮೊದಲು ನಕ್ಕರು, ತಕ್ಷಣ ಸೆರಗು ಬಾಯಿಗಿಟ್ಟುಕೊಂಡರು. ಸಿದ್ರಾಮಪ್ಪ ನಗಲಿಲ್ಲ. ಹತ್ತಿರ ಬಂದು ಕಾಶಿನಾಥರ ಕುತ್ತಿಗೆಯ ಗಂಟುಗಳನ್ನು, ಕಂಕುಳನ್ನು, ಹಸುವಿಗೆ ಮಾಡುವಷ್ಟೇ ಮೆಲ್ಲಗೆ ಒತ್ತಿ ನೋಡಿ, "ಮೊದಲ ಹೇಳಬಾರದೇನ್ರಿ ಸರ? ನಿಮಗ ಔಷಧ ಐತಿ. ಮನಷ್ಯಾರಿಗೆ ಕೊಡ್ತಾರ" ಎಂದರು.

ಕಾಶಿನಾಥರು ಕಂಬಳಿ ಹೊದ್ದೇ ಜೀಪಿನಿಂದ ಇಳಿದು ಜಗಲಿಗೆ ಹೋದರು. ಲಕ್ಕಣ್ಣನ ಪಕ್ಕ ಕೂತು, ಅವನ ಹಣೆ ಮುಟ್ಟಿದರು, ನಾಡಿ ಹಿಡಿದರು, ಬೆನ್ನು ಒತ್ತಿದರು. "ನಿಂಗೆ ಎಲ್ಲಿ ನೋಯುತ್ತೆ ಅಂತ ನಂಗೀಗ ಗೊತ್ತು ಕಣಯ್ಯಾ. ನಾನು ಅವತ್ತು ನಿನ್ನ ಸರಿಯಾಗಿ ನೋಡಲಿಲ್ಲ" ಎಂದರು. ಲಕ್ಕಣ್ಣ, "ಓಗ್ಲಿ ಬುಡಿ ಸ್ವಾಮಿ, ಇಬ್ರೂ ನಡುಗ್ತಾ ಇದೀವಿ" ಎಂದ.

ಆ ಸಂಜೆಯೇ ಇಬ್ಬರನ್ನೂ ಒಂದೇ ವಾರ್ಡಿಗೆ ಸೇರಿಸಿದರು. ಮಾತ್ರೆ, ಸೂಜಿ ವಾರಗಟ್ಟಲೆ ನಡೆದವು. ಫರೀದಾ ಅಮೃತಹಳ್ಳಿಯಲ್ಲಿ ನಿಂತು ಸತ್ತ ಕರುಗಳನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿಸಿದರು. ಯಲಹಂಕದ ದಲ್ಲಾಳಿಯೊಬ್ಬ ಕೆಂದಹಸುವನ್ನು ಕೇಳಿಕೊಂಡು ಬಂದಾಗ ಮುನಿಗಂಗಮ್ಮ, "ರೋಗಾನ ಇನ್ನೊಬ್ಬರ ಮನೆಗೆ ಮಾರ್ಲಾ?" ಎಂದು ಅಟ್ಟಿ, ಅದನ್ನು ತೋಪಿನ ಆಚೆ ಒಂಟಿಯಾಗಿ ಕಟ್ಟಿ ಸಾಕಿಕೊಂಡಳು, ಹಾಲು ಕರೆಯಲಿಲ್ಲ.

ಕುಲಪತಿಗಳು ಸಂಶೋಧನೆಯ ಈ ಯಶಸ್ಸನ್ನು ಪತ್ರಿಕೆಯವರಿಗೆ ತಿಳಿಸಿ, "ನಮ್ಮ ಸಮಿತಿಯ ಸದಸ್ಯರು ರೋಗದ ಮೂಲವನ್ನು ಸ್ವಂತ ಶರೀರದಲ್ಲೇ ಪತ್ತೆಹಚ್ಚಿದ್ದಾರೆ" ಎಂದು ಹಾಡಿ ಹೊಗಳಿದರು. ಶಾಲು ಹೊದಿಸಿದರು. ಕಾಶಿನಾಥರು ಅದನ್ನು ಬೇಡವೆನ್ನಲಿಲ್ಲ.

ಗುಣವಾಗಿ ಕೆಲಸಕ್ಕೆ ಮರಳಿದ ದಿನ ಅವರ ಮುಂದೆ ಆರ್.ಟಿ. ನಗರದ ನಿವೃತ್ತ ಅಧಿಕಾರಿಯೊಬ್ಬರು ಜ್ವರವೆಂದು ಮಲಗಿದ್ದರು. ವಿದ್ಯಾರ್ಥಿಗಳು ಬಾಗಿಲಲ್ಲೇ ನಿಂತರು. ಗುರುಗಳು ಅಲ್ಲಿಂದಲೇ ರೋಗ ಹೇಳುವವರಲ್ಲವೇ? ಕಾಶಿನಾಥರು ನೇರವಾಗಿ ಹೋಗಿ ಮಂಚದ ಅಂಚಿನಲ್ಲಿ ಕೂತರು.

"ಮನೇಲಿ ಹಸು ಇದ್ಯಾ?"

ಅಧಿಕಾರಿ ಕೆರಳಿದರು. "ನನ್ನನ್ನ ಏನಂದ್ಕೊಂಡ್ರಿ? ದನ ಕಾಯೋನು ಅಂತಾನಾ?"

"ಇಲ್ಲ ಸ್ವಾಮಿ" ಎಂದು ಕಾಶಿನಾಥರು ಅವರ ಕೈ ಹಿಡಿದುಕೊಂಡರು. "ಹಾಲು ಎಲ್ಲಿಂದ ತರಿಸ್ತೀರಿ, ಕಾಸ್ತೀರಾ, ನೀರು ಎಲ್ಲಿಂದು, ನಿಧಾನವಾಗಿ ಹೇಳಿ. ನಂಗೇನೂ ಅವಸರ ಇಲ್ಲ."